ಕತ್ತರಿ ಹಿಡಿದ ಅಭಿಮಾನಿಯನ್ನು ಕಣ್ಣು ತೆರೆದು ನೋಡಿ!

(ಬೆಂಗಳೂರು, ಮೈಸೂರು, ಹಾಸನಗಳಿಂದ ಬಂದು ವನಗೂರಿನಲ್ಲಿ ಸೇರಿದ್ದ ಯುವಜನರ ಎದುರು ಆಡಿದ ಮಾತುಗಳ ಬರಹರೂಪ. ಅಲ್ಲಿಗೆ ಬರಲಾಗದವರೂ ಓದಲಿ ಎಂದು ಇಲ್ಲಿ ಕೊಟ್ಟಿದ್ದೇವೆ.)



ನಿಮ್ಮಲ್ಲಿ ಹೆಚ್ಚಿನವರು ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಸಕಲೇಶಪುರದಲ್ಲಿ ಇಳಿದು, ಹೆತ್ತೂರಿನ ಮೇಲೆ ಈ ಅಂಕುಡೊಂಕು ರಸ್ತೆಯಲ್ಲಿ ಹೊಟ್ಟೆ ತೊಳಸಿಕೊಂಡು ವನಗೂರಿಗೆ ಬಂದಿದ್ದೀರಿ. ಬಂದ ಕೂಡಲೇ ನೀವು ಮಾಡಿದ್ದೇನು? ಬೆಟ್ಟ ನೋಡಿದಿರಾ? ಮಂಜು ನೋಡಿದಿರಾ? ಇಲ್ಲ! ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು ಸಿಗ್ನಲ್ ಹುಡುಕಿದಿರಿ. ನಾನು ಜಗಲಿಯಲ್ಲಿ ನಿಂತು ನೋಡುತ್ತಿದ್ದೆ. ಬೈಯುವುದಕ್ಕೆ ಈ ಮಾತು ಹೇಳುತ್ತಿಲ್ಲ. ಬಂದ ದಿನ ನಾನೂ ಅದನ್ನೇ ಮಾಡಿದವನು.

ಸಿಗ್ನಲ್ ಸಿಕ್ಕ ಮೇಲೆ ನೀವು ನೋಡಿದ್ದು ಏನೆಂಬುದೂ ನನಗೆ ಗೊತ್ತು. ಅಣ್ಣಾವ್ರ ಒಂದು ನೋಟ, ಅಪ್ಪು ನಗು, ಯಶ್ ನಡಿಗೆ, ಹಿಂದೆ ಒಂದು ಹಾಡು. ಯಾವ ಚಿತ್ರ ಕಂಪನಿಯೂ ಮಾಡಿದ್ದಲ್ಲ, ಯಾವ ಟಿ.ವಿ.ಯವರೂ ಮಾಡಿದ್ದಲ್ಲ. ನಿಮ್ಮಂಥ ಅಭಿಮಾನಿಯೊಬ್ಬ ರಾತ್ರಿ ನಿದ್ದೆಗೆಟ್ಟು, ಹಳೆಯ ಚಿತ್ರಗಳಿಂದ ತುಣುಕು ತುಣುಕು ಕತ್ತರಿಸಿ, ಹಾಡೊಂದಕ್ಕೆ ಜೋಡಿಸಿದ ವೀಡಿಯೊ. ದಿನಕ್ಕೆ ಇಂಥವು ಎಷ್ಟು ನೋಡುತ್ತೀರಿ? ಇಪ್ಪತ್ತು? ಐವತ್ತು? ನಿನ್ನೆ ನೋಡಿದ್ದರಲ್ಲಿ ಒಂದಾದರೂ ಈಗ ನೆನಪಿದೆಯೇ? ಹೇಳಿ ನೋಡೋಣ!

ನೋಡಿ, ಯಾರೂ ಬಾಯಿ ಬಿಡುತ್ತಿಲ್ಲ.

ಇವತ್ತು ನನ್ನ ಮಾತು ಇಷ್ಟೇ. ಅಭಿಮಾನಿಗಳು ಮಾಡಿದ ಹಾಡಿನ ವೀಡಿಯೊ ನೋಡುವುದೂ ಒಂದು ವಿದ್ಯೆ. ಹಾಡು ಕೇಳಲು ಕಿವಿ ಪಳಗಬೇಕು ಎನ್ನುತ್ತೇವೆ, ಯಕ್ಷಗಾನ ನೋಡಲು ಕಣ್ಣು ಪಳಗಬೇಕು ಎನ್ನುತ್ತೇವೆ. ಇದಕ್ಕೆ ಮಾತ್ರ ಬೆರಳು ಸಾಕು ಅಂದುಕೊಂಡಿದ್ದೇವೆ. ತಪ್ಪು! ಆ ತಪ್ಪನ್ನು ಮೊದಲು ಮಾಡಿದವನು ನಾನೇ. ಆ ಕಥೆಯಿಂದಲೇ ಶುರುಮಾಡುತ್ತೇನೆ.

ನನ್ನ ಬಾಯಿ ಮುಚ್ಚಿಸಿದ ಎರಡೂವರೆ ನಿಮಿಷ

ಕಳೆದ ಮಳೆಗಾಲದಲ್ಲಿ ಇದೇ ವನಗೂರಿನ ಗೆಳೆಯರೊಬ್ಬರ ಮನೆಗೆ ಬಂದಿದ್ದೆ. ಅದಕ್ಕೆ ಸ್ವಲ್ಪ ಮುಂಚೆ ಒಂದು ವೇದಿಕೆಯಲ್ಲಿ ನಾನು ಜೋರಾಗಿ ಭಾಷಣ ಬಿಗಿದಿದ್ದೆ: “ಒಬ್ಬರ ಸಿನಿಮಾ ಕತ್ತರಿಸಿ ಇನ್ನೊಬ್ಬರ ಹಾಡು ಅಂಟಿಸುವುದು ಕಲೆಯಲ್ಲ, ಬರೀ ಅಂಟು!” ಜನ ಚಪ್ಪಾಳೆ ತಟ್ಟಿದರು. ನಾನೂ ಬೀಗಿದೆ. ಆ ಮಾತು ಯಾರದೋ ಮೊಬೈಲಿನಲ್ಲಿ ರೆಕಾರ್ಡಾಗಿ ಈ ಬೆಟ್ಟ ಹತ್ತಿ ನನಗಿಂತ ಮುಂಚೆ ಇಲ್ಲಿಗೆ ಬಂದು ಕೂತಿತ್ತು ಎಂಬುದು ನನಗೆ ಗೊತ್ತಿರಲಿಲ್ಲ!

ಹೊರಗೆ ಬಿಡದೆ ಸುರಿಯುವ ಮಳೆ. ಕರೆಂಟಿಲ್ಲ. ಕಾಫಿ ತಂದಿಟ್ಟ ಆ ಮನೆಯ ಮಗಳು, ಹಾಸನದಲ್ಲಿ ಪದವಿ ಓದುತ್ತಿರುವ ಹುಡುಗಿ, “ಸಾರ್, ನಿಮ್ಮ ಭಾಷಣ ಕೇಳಿದೆ. ಒಂದು ವೀಡಿಯೊ ತೋರಿಸ್ತೀನಿ, ಎರಡೂವರೆ ನಿಮಿಷ. ಆಮೇಲೆ ಬೈಯಿರಿ” ಎಂದಳು.

ನೋಡಿದೆ. “ಚೆನ್ನಾಗಿದೆ ಕಣಮ್ಮ. ಆ ಹಾಡು ಯಾವಾಗ ಕೇಳಿದರೂ ಚೆಂದವೇ” ಎಂದೆ.

“ನೀವು ಕೇಳಿದ್ರಿ ಸಾರ್. ನೋಡ್ಲಿಲ್ಲ” ಎಂದಳು.

ಕಪಾಳಕ್ಕೆ ಹೊಡೆದ ಹಾಗಾಯಿತು. ಮತ್ತೆ ಹಾಕು ಎಂದೆ. ಎರಡನೆಯ ಸಲ, ಮೂರನೆಯ ಸಲ ನೋಡಿದೆ. ಆಗ ಕಂಡದ್ದನ್ನು ನಿಮಗೆ ಹೇಳುತ್ತೇನೆ.

೧೯೮೫ರ ‘ಬೆಟ್ಟದ ಹೂವು’ ನಿಮಗೆ ಗೊತ್ತಿರಬೇಕು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಚಿತ್ರ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಬೆಟ್ಟದ ಹೂವು ಕಿತ್ತು ಮಾರಿ ಕಾಸು ಕೂಡಿಡುವ ಬಡ ಹುಡುಗನ ಕಥೆ. ಆ ಹುಡುಗನಾಗಿ ನಟಿಸಿದ ಪುನೀತ್‌ಗೆ ಆಗ ಹತ್ತು ವರ್ಷ. ಬಾಲನಟನಿಗೆ ಕೊಡುವ ರಾಷ್ಟ್ರಪ್ರಶಸ್ತಿ ಬಂತು. ಆ ಚಿತ್ರದಲ್ಲಿ ಚಿ. ಉದಯಶಂಕರ್ ಬರೆದು, ರಾಜನ್-ನಾಗೇಂದ್ರ ರಾಗ ಹಾಕಿದ ಹಾಡೊಂದನ್ನು ಆ ಹುಡುಗ ತಾನೇ ಹಾಡಿದ್ದಾನೆ. ಈ ಹುಡುಗಿ ಆಯ್ದುಕೊಂಡದ್ದು ಆ ಹಾಡನ್ನು.

ಇನ್ನು ಚಿತ್ರ? ಪುನೀತ್ ತೀರಿಕೊಂಡದ್ದು ೨೦೨೧ರ ಅಕ್ಟೋಬರ್ ೨೯. ಸರಿಯಾಗಿ ಒಂದು ವರ್ಷದ ಹೊತ್ತಿಗೆ, ೨೦೨೨ರ ಅಕ್ಟೋಬರ್ ೨೮ರಂದು ‘ಗಂಧದ ಗುಡಿ’ ತೆರೆಗೆ ಬಂತು. ಅಮೋಘವರ್ಷ ಅವರ ಜೊತೆ ಪುನೀತ್ ಯಾವ ಪಾತ್ರವೂ ಆಗದೆ, ಪುನೀತನಾಗಿಯೇ ನಮ್ಮ ನಾಡಿನ ಕಾಡುಗಳಲ್ಲಿ ಅಲೆದಾಡುವ ಚಿತ್ರ. ಅದರಿಂದ ಇವಳು ನಡಿಗೆಯ ತುಣುಕುಗಳನ್ನು ತೆಗೆದುಕೊಂಡಿದ್ದಳು.

ಈಗ ಗಮನವಿಟ್ಟು ಕೇಳಿ. ವೀಡಿಯೊ ಶುರುವಾದಾಗ ಪರದೆ ಕಪ್ಪು. ಹುಡುಗನ ದನಿ ಮಾತ್ರ. ಆಮೇಲೆ ಕಾಡು, ನಮಗೆ ಬೆನ್ನು ಮಾಡಿ ನಡೆಯುವ ಗಂಡಸು. ಹಾಡುತ್ತಿರುವುದು ಹತ್ತು ವರ್ಷದ ಕೂಸು, ನಡೆಯುತ್ತಿರುವುದು ನಲವತ್ತೈದು ದಾಟಿದ ಮನುಷ್ಯ! ಅವನು ಎಡದಿಂದ ಬಲಕ್ಕೆ ಹೋಗುತ್ತಾನೆ. ಕತ್ತರಿ. ೧೯೮೫ರ ಹುಡುಗ ಬೆಟ್ಟದ ದಾರಿಯಲ್ಲಿ ಎಡದಿಂದ ಬಲಕ್ಕೇ ಹೋಗುತ್ತಾನೆ. ಕತ್ತರಿ. ಮತ್ತೆ ಗಂಡಸು, ಅದೇ ದಿಕ್ಕು. ಎರಡು ಕಾಲದ ಎರಡು ದಾರಿ ಒಂದೇ ದಾರಿಯಾಗಿಬಿಟ್ಟಿತು. ಮೂವತ್ತೇಳು ವರ್ಷ ಒಂದು ಹೆಜ್ಜೆಯಲ್ಲಿ ದಾಟಿತು.

ಇನ್ನೊಂದು ಸೂಕ್ಷ್ಮ. ಹುಡುಗ ಹಾಡಿಗೆ ತುಟಿ ಆಡಿಸುವ ತುಣುಕು ಆ ಚಿತ್ರದಲ್ಲಿ ಬೇಕಾದಷ್ಟಿದೆ. ಇವಳು ಅದನ್ನು ಮುಟ್ಟಲೇ ಇಲ್ಲ. ಕಡೆಯಲ್ಲಿ ಒಂದೇ ಒಂದು ಸಲ, ಒಂದೇ ಸಾಲಿಗೆ, ದನಿಯೂ ತುಟಿಯೂ ಕೂಡುತ್ತವೆ. ಅಲ್ಲಿಯವರೆಗೆ ದಿಕ್ಕಿಲ್ಲದೆ ಅಲೆದ ದನಿ ತನ್ನ ಮನೆ ಸೇರಿದ ಹಾಗಾಗುತ್ತದೆ. ಗಂಟಲು ಕಟ್ಟುವುದು ಅಲ್ಲಿ.

ಆಸ್ಪತ್ರೆ ಇಲ್ಲ. ಕಂಠೀರವ ಸ್ಟೇಡಿಯಂನ ಜನಸಾಗರ ಇಲ್ಲ. ಹಾರ ಹಾಕಿದ ಫೋಟೋ ಇಲ್ಲ, ಆರತಿ ಇಲ್ಲ. ಹಾಡು ಮುಗಿದ ಮೇಲೆ ಕೊನೆಗೊಂದು ಖಾಲಿ ರಸ್ತೆ. ಎರಡೂ ಕಡೆ ಕಾಡು, ಮೇಲೆ ಮಳೆ, ನಡೆಯುವವರು ಯಾರೂ ಇಲ್ಲ. ಹತ್ತು ಸೆಕೆಂಡು ಮಳೆಯ ಸದ್ದು, ಅಷ್ಟೇ. ಅದು ಯಾವ ಸಿನಿಮಾದ್ದೂ ಅಲ್ಲ. ಇಲ್ಲೇ ಬಿಸಿಲೆ ಘಾಟಿಯ ಕಡೆ ಹೋಗುವ ದಾರಿಯಲ್ಲಿ ಕೊಡೆ ಹಿಡಿದು ನಿಂತು ಅವಳೇ ತೆಗೆದದ್ದು.

ಸಾವು ಎಂಬ ಮಾತನ್ನೇ ಎತ್ತದೆ ಸಾವಿನ ಬಗ್ಗೆ ಹೇಳಿದ್ದಳು. ನಾನು ಏನು ಹೇಳಿದ್ದೆ? ಬರೀ ಅಂಟು!

ದನಿ ಒಂದು ಕಡೆಯದು, ಮುಖ ಇನ್ನೊಂದು ಕಡೆಯದು

ಒಬ್ಬರ ದನಿ, ಒಬ್ಬರ ಮುಖ ಜೋಡಿಸುವುದು ಕಳ್ಳಕೆಲಸ ಎನ್ನುವವರಿಗೆ ಒಂದು ಪ್ರಶ್ನೆ. ರಾಜ್‌ಕುಮಾರ್ ಅವರ ಹಾಡು ಎಂದರೆ ನಿಮ್ಮ ಅಜ್ಜ-ಅಜ್ಜಿಗೆ ಯಾರ ದನಿ ನೆನಪಾಗುತ್ತದೆ? ಪಿ.ಬಿ. ಶ್ರೀನಿವಾಸ್! ‘ಬೇಡರ ಕಣ್ಣಪ್ಪ’ ೧೯೫೪ರದು. ೧೯೭೪ರ ‘ಸಂಪತ್ತಿಗೆ ಸವಾಲ್’ನಿಂದಾಚೆಗೆ ಅಣ್ಣಾವ್ರು ಹೆಚ್ಚಾಗಿ ತಾವೇ ಹಾಡತೊಡಗಿದರು. ಅದಕ್ಕೂ ಮುಂಚೆ ಎಷ್ಟೋ ವರ್ಷ ದನಿ ಒಬ್ಬರದು, ಮುಖ ಒಬ್ಬರದು. ಕನ್ನಡಿಗ ಎರಡನ್ನೂ ಒಂದೇ ಜೀವ ಎಂದು ಒಪ್ಪಿಕೊಂಡ.

೨೦೨೨ರ ‘ಜೇಮ್ಸ್’ ನೆನಪು ಮಾಡಿಕೊಳ್ಳಿ. ಪುನೀತ್ ದನಿ ಕೊಡುವ ಮೊದಲೇ ಹೋಗಿಬಿಟ್ಟರು. ಮಾರ್ಚ್ ೧೭ಕ್ಕೆ ಚಿತ್ರ ಬಂದಾಗ ತಮ್ಮನ ಮುಖಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಥಿಯೇಟರಿನಲ್ಲಿ ಕೂತವರಿಗೆ ಆ ಜೋಡಣೆಯೇ ಒಂದು ಕಥೆ ಹೇಳಿತು. ದನಿ, ಮುಖ ಬೇರೆಯಾದಾಗ ಅರ್ಥ ಹುಟ್ಟುತ್ತದೆ ಎಂಬುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಅದು ನಮ್ಮ ಕಿವಿಯಲ್ಲೇ ಇದೆ. ಗಮನಿಸುವುದನ್ನು ಮಾತ್ರ ಕಲಿಯಬೇಕು.

ಚಿತ್ರದ ಪಕ್ಕಕ್ಕೆ ಚಿತ್ರ ಇಟ್ಟರೂ ಹಾಗೆಯೇ. ನೂರು ವರ್ಷಕ್ಕೂ ಹಿಂದೆ ರಷ್ಯಾದ ಲೆವ್ ಕುಲೆಶೊವ್ ಒಬ್ಬ ನಟನ ಮುಖದ ಒಂದೇ ತುಣುಕನ್ನು ಮೂರು ಸಲ ಬಳಸಿದರು. ಒಂದು ಸಲ ಅದರ ಪಕ್ಕಕ್ಕೆ ಸಾರಿನ ಬಟ್ಟಲು, ಇನ್ನೊಂದು ಸಲ ಶವಪೆಟ್ಟಿಗೆ, ಮತ್ತೊಂದು ಸಲ ಹೆಣ್ಣು. ನೋಡಿದವರಿಗೆ ಮುಖದಲ್ಲಿ ಹಸಿವು ಕಂಡಿತು, ದುಃಖ ಕಂಡಿತು, ಆಸೆ ಕಂಡಿತು. ಮುಖ ಮಾತ್ರ ಒಂದೇ! ಅರ್ಥ ಇರುವುದು ಎರಡು ತುಣುಕು ಸೇರುವ ಗಂಟಿನಲ್ಲಿ. ಅಭಿಮಾನಿಯ ಕೆಲಸವೂ ಆ ಗಂಟಿನದೇ.

ನೋಡುವ ಬಗೆ

ಸರಿ, ನೋಡುವುದು ಹೇಗೆ? ನನಗೆ ಆ ಹುಡುಗಿ ಕಲಿಸಿದ್ದನ್ನೂ ಆಮೇಲೆ ನಾನೇ ನೋಡಿ ನೋಡಿ ಕಲಿತದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲನೆಯದು, ಮೂರು ಸಲ ನೋಡಿ. ಒಂದು ಸಲ ಇದ್ದ ಹಾಗೆ. ಇನ್ನೊಂದು ಸಲ ಸದ್ದು ಪೂರ್ತಿ ತೆಗೆದು. ಆಗ ಬರೀ ಚಿತ್ರ ತಾನೇ ತಾನಾಗಿ ಏನಾದರೂ ಹೇಳುತ್ತದೆಯೇ, ಇಲ್ಲ ಹಾಡಿನ ಬೆನ್ನೇರಿ ಸವಾರಿ ಮಾಡುತ್ತಿದೆಯೇ ಎಂಬುದು ಬಯಲಾಗುತ್ತದೆ. ಮೂರನೆಯ ಸಲ ಕಣ್ಣು ಮುಚ್ಚಿ ಬರೀ ಹಾಡು ಕೇಳಿ. ಕಣ್ಣು ತೆರೆದಾಗ ಹಾಡು ಬದಲಾಗಿದೆ ಎನಿಸಿದರೆ ಆ ವೀಡಿಯೊ ಗೆದ್ದಿತು.

ಎರಡನೆಯದು, ಈ ಚಿತ್ರಕ್ಕೆ ಈ ಹಾಡೇ ಏಕೆ ಎಂದು ಕೇಳಿ. ಹಾಡು ಚಿತ್ರಕ್ಕೆ ಹೌದೆನ್ನಬಹುದು: ಅಳುವ ಮುಖಕ್ಕೆ ಅಳುವ ಹಾಡು. ಇದು ಸುಲಭದ ದಾರಿ. ಹಾಡು ಚಿತ್ರಕ್ಕೆ ಅಲ್ಲವೆನ್ನಬಹುದು. ಅಮೆರಿಕದಲ್ಲಿ ೧೯೮೨ರಲ್ಲಿ ಜಿಮ್ ಕಪೋಸ್ಟಾಸ್ ಎಂಬ ಯುವಕ ಜಪಾನಿನ ಕಾರ್ಟೂನ್ ಧಾರಾವಾಹಿಯ ಹೊಡೆದಾಟದ ದೃಶ್ಯಗಳನ್ನು ತೆಗೆದು, ಪ್ರೀತಿಯೊಂದೇ ಸಾಕು ಎಂಬರ್ಥದ ಬೀಟಲ್ಸ್ ಹಾಡಿಗೆ ಜೋಡಿಸಿದ. ಜನ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಯುದ್ಧದ ದೃಶ್ಯಗಳನ್ನು ಬೇರೆ ಕಣ್ಣಿನಿಂದ ನೋಡಿದರು. ಇನ್ನು ಮೂರನೆಯ ಬಗೆ ನಮ್ಮ ಹುಡುಗಿಯದು. ಹಾಡು ಹೌದೂ ಅನ್ನುವುದಿಲ್ಲ, ಅಲ್ಲವೂ ಅನ್ನುವುದಿಲ್ಲ. ಚಿತ್ರಕ್ಕೆ ಗೊತ್ತಿಲ್ಲದ ಒಂದು ಗುಟ್ಟನ್ನು ಕಿವಿಯಲ್ಲಿ ಹೇಳುತ್ತದೆ.

ಮೂರನೆಯದು, ಕತ್ತರಿ ಎಲ್ಲಿ ಬೀಳುತ್ತದೆ ನೋಡಿ. ತಮಟೆಯ ಪ್ರತಿ ಏಟಿಗೂ ಚಿತ್ರ ಬದಲಾಯಿಸುವುದನ್ನು ಮೊಬೈಲಿನ ಆ್ಯಪೇ ಈಗ ತಾನಾಗಿ ಮಾಡಿಕೊಡುತ್ತದೆ. ಅದಕ್ಕೆ ಮನುಷ್ಯ ಬೇಕಾಗಿಲ್ಲ! ಕೈ ಪಳಗಿದವನು ಕೆಲವು ಏಟುಗಳನ್ನು ಬಿಟ್ಟುಬಿಡುತ್ತಾನೆ. ಕೆಲವು ಸಲ ಏಟಿಗೆ ಕತ್ತರಿಸುವುದಿಲ್ಲ, ಮಾತಿಗೆ ಕತ್ತರಿಸುತ್ತಾನೆ. ಕೆಲವು ಸಲ ಚಲನೆಗೆ: ಇಲ್ಲಿ ಕೈ ಎತ್ತಿದ, ಅಲ್ಲಿ ಬಾಗಿಲು ತೆರೆಯಿತು. ಎಲ್ಲಿ ಕತ್ತರಿಸಬಹುದಿತ್ತೋ ಅಲ್ಲಿ ಕತ್ತರಿಸದೆ ಮುಖವನ್ನು ಹಾಗೇ ಬಿಟ್ಟರೆ, ಅದೂ ಒಂದು ಮಾತು.

ನಾಲ್ಕನೆಯದು, ಏನನ್ನು ಬಿಟ್ಟಿದ್ದಾರೆ ಎಂದು ಕೇಳಿ. ಈ ಸೀಮೆಯ ತೋಟಗಳಲ್ಲಿ ಕಾಫಿ ಕುಯ್ಯುವ ಹೆಂಗಸರನ್ನು ನೋಡಿ. ಒಂದೇ ಗೊಂಚಲಿನಲ್ಲಿ ಕೆಂಪು ಹಣ್ಣೂ ಇರುತ್ತದೆ, ಹಸಿರು ಕಾಯಿಯೂ ಇರುತ್ತದೆ. ಅವರ ಬೆರಳು ಹಣ್ಣನ್ನು ತೆಗೆದು ಕಾಯನ್ನು ಬಿಡುತ್ತದೆ. ಎಲ್ಲವನ್ನೂ ಸವರಿ ಬುಟ್ಟಿಗೆ ಹಾಕಿದರೆ ಬುಟ್ಟಿ ಬೇಗ ತುಂಬುತ್ತದೆ, ಕಾಫಿ ಮಾತ್ರ ಕೆಡುತ್ತದೆ. ಎರಡೂವರೆ ಗಂಟೆಯ ಚಿತ್ರದಿಂದ ಎರಡೂವರೆ ನಿಮಿಷ ಆರಿಸುವುದೂ ಇದೇ ಕೆಲಸ. ಒಳ್ಳೆಯ ವೀಡಿಯೊದ ಗುಣ ಬುಟ್ಟಿಯಲ್ಲಿ ಎಷ್ಟಿದೆಯೋ ಅಷ್ಟೇ ಗಿಡದಲ್ಲಿ ಬಿಟ್ಟದ್ದರಲ್ಲೂ ಇದೆ.

ಐದನೆಯದು, ಮೂಲ ಗೊತ್ತಿರಬೇಕು. ‘ಗಂಧದ ಗುಡಿ’ ಎಂಬ ಹೆಸರು ೧೯೭೩ರಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿಯಾಗಿ ನಟಿಸಿದ ಚಿತ್ರದ್ದು. ಅದೇ ಹೆಸರಿನ ಎರಡನೆಯ ಭಾಗದಲ್ಲಿ ೧೯೯೪ರಲ್ಲಿ ಶಿವರಾಜ್‌ಕುಮಾರ್ ಬಂದರು. ೨೦೨೨ರಲ್ಲಿ ಪುನೀತ್. ಇದು ಗೊತ್ತಿದ್ದವನಿಗೆ ಆ ಕಾಡಿನಲ್ಲಿ ನಡೆಯುವ ಬೆನ್ನು ಒಬ್ಬನದಾಗಿ ಕಾಣುವುದಿಲ್ಲ. ಗೊತ್ತಿಲ್ಲದವನಿಗೆ ಅದು ಬರೀ ಬೆನ್ನು. ಆದ್ದರಿಂದ ತುಣುಕು ನೋಡಿ ಮೆಚ್ಚಿದರೆ ಇಡೀ ಚಿತ್ರ ಹುಡುಕಿ ನೋಡಿ. ತುಣುಕು ಊಟವಲ್ಲ, ಊಟಕ್ಕೆ ಕರೆ!

ಇಷ್ಟು ಹೇಳಿದ ಮೇಲೆ ಒಂದು ನ್ಯಾಯದ ಮಾತು. ನಿಧಾನಗತಿಯ ನಡಿಗೆ, ಸಿಡಿಲು, ಸಿಂಹದ ಘರ್ಜನೆ ಹಾಕಿ ಮಾಡುವ ಮಾಸ್ ವೀಡಿಯೊಗಳನ್ನು ನಾನು ತೆಗೆದುಹಾಕುವುದಿಲ್ಲ. ಅದರಲ್ಲೂ ಲಯ ಬಲ್ಲವರಿದ್ದಾರೆ. ಮೂವತ್ತು ಸೆಕೆಂಡಿನಲ್ಲಿ ಮೈ ಜುಮ್ಮೆನ್ನಿಸುವುದು ಹುಡುಗಾಟವಲ್ಲ. ಅದಕ್ಕೂ ಇದೇ ಐದು ಅಳತೆ ಹಿಡಿದು ನೋಡಿ. ಕಾಳು ಯಾವುದು, ಜೊಳ್ಳು ಯಾವುದು ತಾನೇ ತಿಳಿಯುತ್ತದೆ.

ಇದು ಇವತ್ತಿನ ಹುಚ್ಚಲ್ಲ

ನಿಮ್ಮ ಅಮ್ಮಂದಿರನ್ನು, ಅತ್ತೆಯಂದಿರನ್ನು ಕೇಳಿ. ‘ರೂಪತಾರಾ’, ‘ವಿಜಯಚಿತ್ರ’ಗಳಿಂದ ಫೋಟೋ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಎದುರಿನ ಪುಟದಲ್ಲಿ ತಮಗಿಷ್ಟವಾದ ಹಾಡನ್ನು ಮುದ್ದಾದ ಅಕ್ಷರದಲ್ಲಿ ಬರೆದವರು ಎಷ್ಟು ಮಂದಿ! ಎಷ್ಟೋ ಸಲ ಫೋಟೋ ಒಂದು ಚಿತ್ರದ್ದು, ಹಾಡು ಇನ್ನೊಂದು ಚಿತ್ರದ್ದು. ಅದೇ ಅಲ್ಲವೇ ಇದು? ಮೊಬೈಲ್ ಇರಲಿಲ್ಲ, ಕತ್ತರಿ, ಗೋಂದು ಇತ್ತು.

ಹೊರಗಿನ ಕಥೆಯೂ ಹೀಗೆಯೇ. ೧೯೭೫ರಲ್ಲಿ ಅಮೆರಿಕದ ಕ್ಯಾಂಡಿ ಫಾಂಗ್ ಎಂಬ ಹೆಣ್ಣುಮಗಳು ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಚಿತ್ರಚೂರುಗಳಿಂದ ಸ್ಲೈಡ್ ಮಾಡಿ, ಹಾಡು ಹಾಕಿ, ಹಾಡಿನ ಲಯಕ್ಕೆ ಒಂದೊಂದೇ ಸ್ಲೈಡ್ ತಿರುಗಿಸಿ ಅಭಿಮಾನಿಗಳಿಗೆ ತೋರಿಸಿದರು. ಅಭಿಮಾನಿ ವೀಡಿಯೊದ ಚರಿತ್ರೆ ಬರೆದವರು ಅಲ್ಲಿಂದಲೇ ಶುರುಮಾಡುತ್ತಾರೆ. ಆಮೇಲೆ ಎರಡು ವಿ.ಸಿ.ಆರ್. ಇಟ್ಟುಕೊಂಡು, ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಹಿಡಿದು, ಒಂದು ಹಾಡಿಗೆ ದಿನಗಟ್ಟಲೆ ಕೂತು ಮಾಡಿದವರ ಕಾಲ ಬಂತು. ಅವರಲ್ಲಿ ಹೆಚ್ಚಿನವರು ಹೆಂಗಸರೇ!

ಈ ಮಾತನ್ನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ನಮ್ಮಲ್ಲಿ ಅಭಿಮಾನಿ ಎಂದರೆ ಕಟೌಟ್ ಹತ್ತಿ ಹಾಲು ಸುರಿಯುವ ಗಂಡು ಹುಡುಗನ ಚಿತ್ರವೇ ಕಣ್ಣಿಗೆ ಬರುತ್ತದೆ. ಅಣ್ಣಾವ್ರು ಅಭಿಮಾನಿಗಳನ್ನು ದೇವರು ಎಂದು ಕರೆದರು. ಆ ದೇವರುಗಳಲ್ಲಿ ದೇವಿಯರೂ ಇದ್ದಾರೆ ಸ್ವಾಮಿ! ಮನೆಯೊಳಗೆ ಕೂತು ನೋಟ್‌ಬುಕ್ಕು ತುಂಬಿದವರು, ಈಗ ಮೊಬೈಲಿನಲ್ಲಿ ಕತ್ತರಿ ಆಡಿಸುವವರು. ಅವರನ್ನು ನಾವು ಕಂಡಿಲ್ಲ.

ಕಾಣದೆ ಇದ್ದರೆ ಏನಾಗುತ್ತದೆ? ೨೦೨೦ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು. ಸರಿಯೋ ತಪ್ಪೋ ಆ ಚರ್ಚೆ ಬೇರೆ. ಅದರ ಜೊತೆ ನಮ್ಮ ಹಳ್ಳಿ ಹಳ್ಳಿಯ ಹುಡುಗ-ಹುಡುಗಿಯರು ಮಾಡಿದ್ದ ಕನ್ನಡದ ಪುಟ್ಟ ವೀಡಿಯೊಗಳೂ ಕಣ್ಣಿಂದ ಮರೆಯಾದವು. ಯಾವುದು ಚೆನ್ನಾಗಿತ್ತು, ಯಾವುದನ್ನು ಉಳಿಸಬೇಕಿತ್ತು ಎಂದು ಒಬ್ಬರೂ ಪಟ್ಟಿ ಮಾಡಿಟ್ಟುಕೊಂಡಿರಲಿಲ್ಲ. ನೋಡಿದವರು ಲಕ್ಷ ಇದ್ದರು, ನೆನಪಿಟ್ಟುಕೊಂಡವರು ಇರಲಿಲ್ಲ.

ನೋಡಬಲ್ಲವರೊಬ್ಬರು ನೋಡಿದರು

ಈಗ ಒಬ್ಬ ಹುಡುಗನ ಕಥೆ. ೨೦೧೮ರ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್.’ ಮೊದಲ ಭಾಗ ಬಂದಾಗ ಅದರ ತುಣುಕುಗಳನ್ನು ಕತ್ತರಿಸಿ ವೀಡಿಯೊ ಮಾಡಿದ ಅಭಿಮಾನಿಗಳಿಗೆ ಲೆಕ್ಕವಿಲ್ಲ. ಅವರಲ್ಲಿ ಉಜ್ವಲ್ ಕುಲಕರ್ಣಿ ಎಂಬ ಹುಡುಗನೂ ಒಬ್ಬ. ದೊಡ್ಡ ಸ್ಟುಡಿಯೋದಲ್ಲಿ ಕಲಿತವನಲ್ಲ, ಕಿರುಚಿತ್ರ ಮತ್ತು ಅಭಿಮಾನಿ ವೀಡಿಯೊಗಳನ್ನು ಕತ್ತರಿಸುತ್ತಿದ್ದವನು. ಅವನ ಕೆಲಸ ನಿರ್ದೇಶಕ ಪ್ರಶಾಂತ್ ನೀಲ್ ಕಣ್ಣಿಗೆ ಬಿತ್ತು. ೨೦೨೨ರ ಏಪ್ರಿಲ್ ೧೪ರಂದು ‘ಕೆ.ಜಿ.ಎಫ್. ಚಾಪ್ಟರ್ ೨’ ಐದು ಭಾಷೆಗಳಲ್ಲಿ ತೆರೆಗೆ ಬಂದಾಗ ಸಂಕಲನ ಎಂಬಲ್ಲಿ ಇದ್ದ ಹೆಸರು ಉಜ್ವಲ್ ಕುಲಕರ್ಣಿ! ಹತ್ತೊಂಬತ್ತರ ಹುಡುಗ ಎಂದು ಪತ್ರಿಕೆಗಳು ಬರೆದವು. ೨೦೨೩ರಲ್ಲಿ ಅದೇ ನಿರ್ದೇಶಕರ ‘ಸಲಾರ್’ಗೂ ಅವನದೇ ಕತ್ತರಿ.

ಈ ಕಥೆ ಕೇಳಿ ನೀವೆಲ್ಲ “ಭೇಷ್ ಹುಡುಗ!” ಎನ್ನುತ್ತೀರಿ. ನಾನು “ಭೇಷ್ ಕಣ್ಣು!” ಎನ್ನುತ್ತೇನೆ. ಆ ಹುಡುಗನ ವೀಡಿಯೊ ಎಷ್ಟೋ ಜನರ ಬೆರಳಿನ ಕೆಳಗೆ ಹಾದುಹೋಗಿರಬೇಕು. ಅವರಿಗೆ ಕಂಡದ್ದು ಯಶ್. ನೋಡಲು ಬಲ್ಲ ಒಬ್ಬರಿಗೆ ಮಾತ್ರ ಯಶ್ ಹಿಂದೆ ಕತ್ತರಿ ಹಿಡಿದು ಕೂತವನು ಕಂಡ. ಆ ಒಂದು ನೋಟ ಇಲ್ಲದಿದ್ದರೆ? ಎಲ್ಲರಿಗೂ ಪ್ರಶಾಂತ್ ನೀಲ್ ಸಿಗುವುದಿಲ್ಲ. ಎಲ್ಲರೂ ಸಿನಿಮಾಕ್ಕೆ ಹೋಗಬೇಕೆಂದೂ ಇಲ್ಲ. ಆದರೆ ಕತ್ತರಿಸುವ ಪ್ರತಿಯೊಬ್ಬರಿಗೂ ನೋಡುವ ಕಣ್ಣು ನಾಲ್ಕಾದರೂ ಸಿಗಲೇಬೇಕು. ಆ ಕಣ್ಣು ನೀವು!

ಇಲ್ಲಿ ನಮ್ಮ ನುಡಿಯ ಮಾತೂ ಬರುತ್ತದೆ. ಕನ್ನಡದಲ್ಲಿ ಹುಟ್ಟಿದ ಚಿತ್ರವನ್ನು ಕನ್ನಡದ ಹುಡುಗನೇ ಕತ್ತರಿಸುವಾಗಲೂ ಹಿಂದಿ ದನಿಯ ತುಣುಕು ಹಾಕುವುದನ್ನು ನಾನು ಕಂಡಿದ್ದೇನೆ. ಕೇಳಿದರೆ “ನೋಡೋರು ಜಾಸ್ತಿ ಸಾರ್” ಎಂದ. ಅವನನ್ನು ನಾನು ಬೈಯಲಿಲ್ಲ. ಕೆಲಸದ ಮಾತು ಹೇಳಿದೆ. ನಟ ಕನ್ನಡದಲ್ಲಿ ತುಟಿ ಆಡಿಸಿದ್ದಾನೆ. ಮಾತಿಗೆ ಸರಿಯಾಗಿ ಕತ್ತರಿ ಬೀಳಬೇಕಾದರೆ ಆ ತುಟಿಯ ನುಡಿ, ಆ ಉಸಿರು ಬೇಕು. ಬೇರೆ ದನಿ ಹಾಕಿದ ಕೂಡಲೇ ಗಂಟು ಸಡಿಲವಾಗುತ್ತದೆ. ಅವನು ತನ್ನದೇ ಎರಡು ವೀಡಿಯೊ ಪಕ್ಕಪಕ್ಕ ಇಟ್ಟು ನೋಡಿದ. “ಹೌದಲ್ವಾ ಸಾರ್” ಎಂದ. ನೋಡುವುದನ್ನು ಕಲಿತವನಿಗೆ ಭಾಷಾಭಿಮಾನದ ಪಾಠ ಬೇರೆ ಬೇಕಾಗಲಿಲ್ಲ.

ಹೆಸರು, ಹಕ್ಕು, ಹೊಣೆ

ಇನ್ನೊಬ್ಬರ ಚಿತ್ರ, ಇನ್ನೊಬ್ಬರ ಹಾಡು ಬಳಸುವುದು ಸರಿಯೇ ಎಂದು ನೀವು ಕೇಳುತ್ತೀರಿ. ಕೇಳಬೇಕು. ನಮ್ಮ ೧೯೫೭ರ ಹಕ್ಕುಸ್ವಾಮ್ಯ ಕಾಯ್ದೆಯ ೫೨ನೆಯ ಕಲಮು ವಿಮರ್ಶೆಗಾಗಿ, ಸ್ವಂತ ಬಳಕೆಗಾಗಿ ನ್ಯಾಯವಾದ ಮಟ್ಟಿಗೆ ಬಳಸಿಕೊಳ್ಳಲು ಅವಕಾಶ ಕೊಟ್ಟಿದೆ. ಹಾಗೆಂದು ಅದು ಪ್ರತಿಯೊಂದು ಅಭಿಮಾನಿ ವೀಡಿಯೊಗೂ ಪರವಾನಗಿ ಅಲ್ಲ. ಹಾಡಿನ ಹಕ್ಕು ಇರುವ ಕಂಪನಿ ತೆಗೆಯಿರಿ ಎಂದರೆ ತೆಗೆಯಬೇಕಾದೀತು. ಯೂಟ್ಯೂಬಿನ ಯಂತ್ರ ಹಾಡನ್ನು ತಾನೇ ಗುರುತು ಹಿಡಿದು ತಡೆಯಲೂಬಹುದು. ಅಮೆರಿಕದಲ್ಲಿ ಇಂಥ ಅಭಿಮಾನಿಗಳು ೨೦೦೭ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಹಣಕ್ಕಲ್ಲದೆ ಮಾಡುವ ವೀಡಿಯೊಗಾಗಿ ಡಿ.ವಿ.ಡಿ.ಯಿಂದ ತುಣುಕು ತೆಗೆಯುವುದಕ್ಕೆ ೨೦೧೦ರಲ್ಲಿ ಅಲ್ಲಿಯ ಹಕ್ಕುಸ್ವಾಮ್ಯ ವ್ಯವಸ್ಥೆಯಿಂದಲೇ ವಿನಾಯಿತಿ ಪಡೆದರು. ಬರೀ ಗೊಣಗಲಿಲ್ಲ, ವಾದ ಮಾಡಿ ಗೆದ್ದರು.

ನಮ್ಮ ಕೈಯಲ್ಲಿ ಇವತ್ತೇ ಇರುವ ಕೆಲಸ ಒಂದಿದೆ: ಹೆಸರು ಹಾಕುವುದು. ಯಾವ ಚಿತ್ರ, ಯಾವ ವರ್ಷ, ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು, ಹಾಡಿದವರು ಯಾರು, ಕ್ಯಾಮೆರಾ ಯಾರದು, ಕೊನೆಗೆ ಕತ್ತರಿಸಿದ ನೀವು ಯಾರು. ಕನ್ನಡ ಅಕ್ಷರದಲ್ಲಿ ಹಾಕಿ. ಚಿ. ಉದಯಶಂಕರ್ ಬರೆದ ಹಾಡು ಹಾಕಿ, ಕೆಳಗೆ ನಿಮ್ಮ ಪುಟದ ಹೆಸರನ್ನು ಮಾತ್ರ ದೊಡ್ಡದಾಗಿ ಮೆರೆಸಿದರೆ ಅದು ಅಭಿಮಾನವಲ್ಲ. ಉಂಡ ಮನೆಯ ಜಂತೆ ಎಣಿಸಿದ ಹಾಗೆ!

ಹೊಣೆಯ ಮಾತು ಇನ್ನೆರಡಿವೆ. ಒಬ್ಬ ನಟನನ್ನು ಎತ್ತಲು ಇನ್ನೊಬ್ಬ ನಟನನ್ನು ಮಣ್ಣು ಮಾಡುವ ವೀಡಿಯೊ ಬಂದರೆ ಅದನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಕತ್ತರಿ ಚೂರಿ ಆಗಬಾರದು. ಎರಡನೆಯದು ಹೊಸ ಪಿಡುಗು. ಸತ್ತವರ ದನಿಯನ್ನು ಯಂತ್ರದಿಂದ ಮಾಡಿಸಿ ಅವರು ಹಾಡದ ಹಾಡು ಹಾಡಿಸುತ್ತಾರೆ, ಇಲ್ಲದ ಮುಖ ಅಂಟಿಸುತ್ತಾರೆ. ಅಭಿಮಾನಿಯ ಕತ್ತರಿಗೆ ಒಂದು ನಿಯಮವಿದೆ: ಇದ್ದದ್ದನ್ನು ಮಾತ್ರ ಜೋಡಿಸುತ್ತದೆ. ಆ ಹುಡುಗಿಯ ವೀಡಿಯೊದಲ್ಲಿ ಒಂದು ದನಿ, ಒಂದು ಹೆಜ್ಜೆ ಸುಳ್ಳಲ್ಲ. ಹತ್ತು ವರ್ಷದ ಪುನೀತ್ ನಿಜವಾಗಿ ಹಾಡಿದ್ದ. ನಲವತ್ತೈದು ದಾಟಿದ ಪುನೀತ್ ನಿಜವಾಗಿ ನಡೆದಿದ್ದರು. ಅದಕ್ಕೇ ಅದು ಎದೆಗೆ ತಾಕಿತು. ಯಂತ್ರ ಮಾಡಿದ್ದಕ್ಕೂ ಮನುಷ್ಯ ಆರಿಸಿದ್ದಕ್ಕೂ ಇರುವ ವ್ಯತ್ಯಾಸ ತಿಳಿಯಲು ಕಣ್ಣು ಪಳಗಿರಬೇಕು. ಇವತ್ತು ಈ ವಿದ್ಯೆ ಬೇಕೇ ಬೇಕು ಎನ್ನಲು ಇದೊಂದು ಕಾರಣವೇ ಸಾಕು.

ಒಂದು ಸೆಕೆಂಡಿನ ಹೆಸರು ಹೇಳಿ

ಕಡೆಯ ಮಾತು. ಆ ದಿನ ಮೂರನೆಯ ಸಲ ನೋಡಿ ಮುಗಿಸಿದ ಮೇಲೆ ನಾನು ಆ ಹುಡುಗಿಯ ಕ್ಷಮೆ ಕೇಳಿದೆ. ಹೊಸದೇನು ಮಾಡುತ್ತಿದ್ದೀಯಮ್ಮ ಎಂದೆ. “ಬಿಟ್ಟುಬಿಟ್ಟೆ ಸಾರ್” ಎಂದಳು. ನನಗೆ ಗಾಬರಿಯಾಯಿತು. ಯಾರಾದರೂ ಕೆಟ್ಟದಾಗಿ ಬರೆದರಾ ಎಂದು ಕೇಳಿದೆ.

“ಇಲ್ಲ ಸಾರ್. ಎಲ್ಲರೂ ಒಳ್ಳೇದೇ ಬರೆದ್ರು. ಸೂಪರ್, ಬೆಂಕಿ, ಮಿಸ್ ಯೂ ಅಪ್ಪು ಸರ್ ಅಂತ. ಹೃದಯದ ಚಿತ್ರ ಹಾಕಿದ್ರು. ಆದರೆ ಆ ಕೊನೇ ರಸ್ತೆ ಎಲ್ಲಿಯದು ಅಂತ ಒಬ್ಬರೂ ಕೇಳಲಿಲ್ಲ.”

ಗೆಳೆಯರೇ, ಬೈಗುಳದಿಂದ ನಿಂತ ಕೈಯನ್ನು ಧೈರ್ಯ ಹೇಳಿ ಎಬ್ಬಿಸಬಹುದು. ಯಾರೂ ನೋಡಲಿಲ್ಲ ಎಂದು ನಿಂತ ಕೈಯನ್ನು ಎಬ್ಬಿಸಬೇಕಾದರೆ ನೋಡಬೇಕು, ಬೇರೆ ದಾರಿಯಿಲ್ಲ. ನಾವು ಹೊಗಳುವುದರಲ್ಲಿ ಜಿಪುಣರಲ್ಲ. ನೋಡುವುದರಲ್ಲಿ ಜಿಪುಣರು.

ಆದ್ದರಿಂದ ನಿಮ್ಮಿಂದ ಒಂದೇ ಒಂದು ಮಾತು ಪಡೆದು ಹೋಗುತ್ತೇನೆ. ವಾರಕ್ಕೆ ಒಂದು, ಹೆಚ್ಚು ಬೇಡ, ಒಂದೇ ಒಂದು ಅಭಿಮಾನಿ ವೀಡಿಯೊವನ್ನು ಮೂರು ಸಲ ನೋಡಿ. ಕೆಳಗೆ ‘ಸೂಪರ್’ ಎಂದು ಬರೆಯಬೇಡಿ. ಒಂದು ಸೆಕೆಂಡನ್ನು ಹೆಸರಿಟ್ಟು ಬರೆಯಿರಿ. “ಒಂದು ನಿಮಿಷ ಹತ್ತನೆಯ ಸೆಕೆಂಡಿನಲ್ಲಿ ಹಾಡು ನಿಂತರೂ ನೀವು ಮುಖ ಬದಲಾಯಿಸಲಿಲ್ಲ, ಅದು ಏಕೆ?” ಎಂದು ಕೇಳಿ. ಕನ್ನಡದಲ್ಲಿ ಕೇಳಿ. ತಪ್ಪು ಕಂಡರೆ ತಪ್ಪನ್ನೂ ಹೀಗೆಯೇ ಬೆರಳಿಟ್ಟು ತೋರಿಸಿ. ಮಾಡಿದವರಿಗೆ ಆ ಒಂದು ಸಾಲು ಸಾವಿರ ಹೃದಯದ ಚಿತ್ರಕ್ಕಿಂತ ದೊಡ್ಡದು.

ಇಷ್ಟು ಹೊತ್ತು ಸಿಗ್ನಲ್ ಇಲ್ಲದೆ ಕೂತು ಕೇಳಿದಿರಿ, ಸಂತೋಷ. ಊಟವಾದ ಮೇಲೆ ಬಿಸಿಲೆ ಕಡೆಯ ರಸ್ತೆಯಲ್ಲಿ ಸ್ವಲ್ಪ ದೂರ ನಡೆದು ಬರೋಣ. ಇಲ್ಲಿಂದ ಹೆಚ್ಚು ದೂರವಿಲ್ಲ, ಒಂದು ತಿರುವು ಇದೆ. ಈಗ ಮಳೆಯಿಲ್ಲ, ಬೇರೆ ಥರ ಕಾಣುತ್ತದೆ. ಆದರೂ ಗುರುತು ಸಿಗುತ್ತದೆ. ಆ ಹುಡುಗಿಯೂ ಬರುತ್ತಾಳೆ. ಮೊಬೈಲಿನಲ್ಲಿ ಆ ಎರಡೂವರೆ ನಿಮಿಷ ಇದೆ, ಸಿಗ್ನಲ್ ಬೇಕಾಗಿಲ್ಲ. ಅಲ್ಲೇ ನಿಂತು ನೋಡೋಣ.

ಮೂರು ಸಲ!